ಎಡಗಿವಿಯ ಒಳಮನೆಯ ಸಾಹೇಬರಿಗೆ

ಇವರಿಗೆ,
ಸಮತೋಲನದ ಮುಖ್ಯಾಧಿಕಾರಿಗಳು,
ಒಳಮನೆ, ಎಡಗಿವಿ,
ನನ್ನದೇ ತಲೆ.

ಮಾನ್ಯರೇ,

ತಾವು ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ಸುಖವಾಗಿರಲೇಬೇಕು, ಏಕೆಂದರೆ ಕಳೆದ ಚಳಿಗಾಲದಲ್ಲಿ ನನಗೆ ಜ್ವರ ಬಂದು ಹೋದಾಗಿನಿಂದ ತಾವು ಒಂದು ಹುಲ್ಲುಕಡ್ಡಿ ಎತ್ತಿಟ್ಟದ್ದನ್ನೂ ನಾನು ಕಂಡಿಲ್ಲ. ನಾನೂ ಕ್ಷೇಮ ಎಂದು ಬರೆಯುವುದು ಮರ್ಯಾದೆ. ಆದರೆ ಈ ಪತ್ರವನ್ನು ನಾನು ಅಂಗಡಿಯ ತಿರುಗುವ ಕುರ್ಚಿಯಲ್ಲಿ ಕೂತು ಬರೆಯದೆ, ನೆಲಕ್ಕೆ ಮೊಳೆ ಹೊಡೆದ ಮರದ ಬೆಂಚಿನಲ್ಲಿ ಬೆನ್ನನ್ನು ಗೋಡೆಗೆ ಒಪ್ಪಿಸಿ ಬರೆಯುತ್ತಿದ್ದೇನೆ ಎಂದರೆ ನನ್ನ ಕ್ಷೇಮ ಎಂಥದ್ದೆಂದು ತಾವೇ ಊಹಿಸಿಕೊಳ್ಳಬಹುದು. ಬರೆದಾದ ಮೇಲೆ ಇದನ್ನು ಅಂಗಡಿಯ ಬಾಗಿಲಿನ ಗಾಜಿಗೆ ಅಂಟಿಸಲಿದ್ದೇನೆ. ಇಷ್ಟು ದಿನ ಖಾಸಗಿಯಾಗಿ ಬೇಡಿಕೊಂಡು ನೋಡಿದೆ. ತಾವು ಕಿವಿಯಲ್ಲೇ ಮನೆ ಮಾಡಿಕೊಂಡಿದ್ದರೂ ಒಂದು ಮಾತನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ನನ್ನ ಮತ್ತು ತಮ್ಮ ನೆಂಟಸ್ತನ ಹುಟ್ಟಿನಿಂದ ಬಂದದ್ದಾದರೂ ನಾವು ಮುಖಾಮುಖಿ ಆದವರಲ್ಲ, ಆದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಕ್ಷೌರಿಕ. ಗಡಿಯಾರ ರಿಪೇರಿಯವನಿಗೂ ಬ್ರೆಡ್ಡಿನಂಗಡಿಗೂ ನಡುವೆ ಸಿಕ್ಕಿಕೊಂಡಿರುವ, ಎರಡು ಕುರ್ಚಿ, ಒಂದು ಬೆಂಚು, ಎದುರಿಗೊಂದು ಹಿಂದಕ್ಕೊಂದು ಕನ್ನಡಿ ಇರುವ ಕಿರಿದಾದ ಅಂಗಡಿ ನನ್ನದು. ಮೀಸೆ ಮೂಡುವ ಮೊದಲೇ ಕತ್ತರಿ ಹಿಡಿದೆ, ಅಂದಿನಿಂದ ನಾನು ಕಂಡಿರುವುದು ಕಿವಿಗಳನ್ನೇ. ತಲೆಗೆ ಅಂಟಿಕೊಂಡು ಕೂದಲೊಳಗೆ ಅಡಗಿ ಕೂರುವ ನಾಚಿಕೆಯ ಕಿವಿ, ಬಾಗಿಲು ತೆರೆದಿಟ್ಟ ಮೋಟಾರು ಕಾರಿನಂತೆ ಎರಡೂ ಕಡೆ ಚಾಚಿಕೊಂಡ ಕಿವಿ, ಒಳಗಿನಿಂದ ಪೊದೆ ಬೆಳೆದು ಹಕ್ಕಿ ಗೂಡು ಕಟ್ಟಿದರೂ ಆಶ್ಚರ್ಯವಿಲ್ಲದ ಹಿರಿಯರ ಕಿವಿ, ಹೀಗೆ ನಮ್ಮ ಬೀದಿಯ ಅಷ್ಟೂ ಕಿವಿಗಳನ್ನು ನಾಜೂಕಾಗಿ ಮಡಚಿ ಹಿಡಿದು, ಒಂದಕ್ಕೂ ಗೀರು ಬೀಳದಂತೆ, ಸುತ್ತ ಕತ್ತಿ ಆಡಿಸಿದವನು ನಾನು. ಕಿವಿಗಳ ಕುಲಕ್ಕೇ ಇಷ್ಟು ಸೇವೆ ಸಲ್ಲಿಸಿದ ಮನುಷ್ಯನಿಗೆ ಮುದಿಪ್ರಾಯದಲ್ಲಿ ಕೈಕೊಟ್ಟದ್ದು ಯಾರು ಎಂದರೆ, ಸ್ವಾಮಿ, ಅವನದೇ ಕಿವಿ. ಇದಕ್ಕೆ ತಮಗೆ ಶಾಲು ಹೊದೆಸಿ ಸನ್ಮಾನ ಮಾಡಬೇಕು. ತಾವು ಮುಖ ತೋರಿಸಿದ ದಿನ ಖಂಡಿತ ಮಾಡುತ್ತೇನೆ.

ತಮ್ಮ ಮೊದಲ ಪ್ರದರ್ಶನ ತಮಗೆ ನೆನಪಿರಬಹುದು. ಕುರ್ಚಿಯಲ್ಲಿದ್ದವನು ನನ್ನ ಬಾಲ್ಯದ ಗೆಳೆಯ. ಕೆಲಸದಿಂದ ನಿವೃತ್ತನಾಗಿ ಎಷ್ಟೋ ಕಾಲವಾದರೂ ಊರೆಲ್ಲ ಅವನನ್ನು ಕಂಡಕ್ಟರ್ ಎಂದೇ ಕರೆಯುತ್ತದೆ. ನಾನು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ನೊರೆ ಹಚ್ಚಿ, ಬಲಗೆನ್ನೆ ಮುಗಿಸಿ, ಎಡಗಡೆಯ ಹಲಗೆಯಿಂದ ಟವೆಲ್ ತೆಗೆದುಕೊಳ್ಳಲು ತಲೆ ತಿರುಗಿಸಿದೆ ಅಷ್ಟೆ. ತಾವು ಅಂಗಡಿಯನ್ನು ಎತ್ತಿ ತೊಟ್ಟಿಲಿನಂತೆ ತೂಗಿದಿರಿ. ಕಿಟಕಿ ಇದ್ದಲ್ಲಿಗೆ ಕನ್ನಡಿ ಬಂತು, ಕನ್ನಡಿ ಇದ್ದಲ್ಲಿಗೆ ಬ್ರೆಡ್ಡಿನಂಗಡಿ ಬಂತು. ಬಿದ್ದರೂ ಸರಿ, ಕತ್ತಿ ಮೇಲಕ್ಕೆ ಹೋಗಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆದ್ದರಿಂದ ಬಲಗೈ ಸೂರಿನತ್ತ ಹಾರಿತು. ಎಡಗೈ ಮಾತ್ರ ಹತ್ತಿರ ಸಿಕ್ಕಿದ್ದನ್ನು ಹಿಡಿದುಕೊಂಡಿತು. ಹತ್ತಿರ ಸಿಕ್ಕಿದ್ದು ಕಂಡಕ್ಟರನ ಕಿವಿ. ನಾನು ಅದಕ್ಕೆ ಜೋತುಬಿದ್ದೆ, ಅವನು ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ಕಣ್ಣು ಮುಚ್ಚಿ, ಸುಣ್ಣದಂತೆ ಬಿಳಿಚಿಕೊಂಡ. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಮಗಳು, ಈ ಕಸುಬನ್ನು ನನ್ನಿಂದಲೇ ಕಲಿತವಳು, ಬಂದು ಮೇಲೆತ್ತಿದ ನನ್ನ ಕೈಯಿಂದ ಕತ್ತಿಯನ್ನು ಬಿಡಿಸಿಕೊಂಡು ತನ್ನ ಅಂಗಿಯ ಮುಂಜೇಬಿಗೆ ಇಳಿಸಿದಳು. "ಅಪ್ಪಾ, ಇನ್ನು ಕತ್ತಿ ನನ್ನ ಹತ್ರ ಇರುತ್ತೆ. ನೀನು ನೆಟ್ಟಗೆ ನಿಂತು ತೋರಿಸಿದ ದಿನ ಕೇಳು" ಎಂದಳು. ಕಂಡಕ್ಟರ್ ಮೆಲ್ಲಗೆ ಎದ್ದ. ಅರ್ಧ ಮುಖ ನುಣುಪು, ಅರ್ಧ ಮುಖ ನೊರೆ. "ಉಳಿದರ್ಧ ಇವನೇ ಮಾಡ್ಬೇಕು. ಅಲ್ಲೀತನಕ ಈ ಮುಖಕ್ಕೆ ಬೇರೆ ಕೈ ತಾಗಿಸಲ್ಲ" ಎಂದು ಘೋಷಿಸಿ, ನೊರೆ ಒರೆಸಿಕೊಳ್ಳುತ್ತ ಗೋಡೆಯ ಪಕ್ಕದಲ್ಲೇ ನಡೆದುಹೋದ. ನನ್ನ ಕಣ್ಣು ತುಂಬಿ ಬಂತು. ಗೆಳೆತನ ಎಂದರೆ ಇದು ಎಂದು ಅಂದುಕೊಂಡೆ. ಗೋಡೆಯ ಪಕ್ಕದಲ್ಲೇ ಏಕೆ ನಡೆದ ಎಂದು ಮಾತ್ರ ಅಂದುಕೊಳ್ಳಲಿಲ್ಲ.

ಅಂದಿನಿಂದ ನನಗೆ ತಾವು ಕೊಡಿಸಿದ ಹೊಸ ಹುದ್ದೆಯ ವೈಭವವನ್ನು ಏನೆಂದು ಬಣ್ಣಿಸಲಿ? ಟವೆಲ್ ಮಡಚುವುದು, ರೇಡಿಯೋದ ಕಿವಿ ಹಿಂಡುವುದು, ಬಿದ್ದ ಕೂದಲನ್ನು ಗುಡಿಸುವುದು, ಅದೂ ಬಗ್ಗದೆ. ಬಂದವರೆಲ್ಲ "ಏನು ಯಜಮಾನ್ರೇ, ಆರಾಮಾ?" ಎಂದು ಕೇಳಿ ಮಗಳ ಕುರ್ಚಿಯಲ್ಲಿ ಕೂರುತ್ತಿದ್ದರು. ನನ್ನ ಕುರ್ಚಿಯ ಮೇಲೆ ಬೆಕ್ಕು ಮಲಗಲು ಶುರುಮಾಡಿತು. ಕ್ಷೌರಿಕನ ಕೈಯಿಂದ ಕತ್ತಿ ಹೋದರೆ ಅವನು ಕನ್ನಡಿಗಳ ನಡುವೆ ಓಡಾಡುವ ಒಬ್ಬ ಮುದುಕ ಮಾತ್ರ, ಅದೂ ಎರಡು ಕನ್ನಡಿಯಲ್ಲಿ ಒಬ್ಬನ ಹಿಂದೊಬ್ಬನಂತೆ ಸಾಲುಗಟ್ಟಿ ಕಾಣುವ ಮುದುಕ. ಒಬ್ಬ ತೂರಾಡಿದರೆ ಇಡೀ ಸಾಲು ತೂರಾಡುತ್ತಿತ್ತು.

ಮಗಳು ನನ್ನನ್ನು ಸಮತೋಲನದ ವ್ಯಾಯಾಮ ಕಲಿಸುವ ಮೇಡಂ ಒಬ್ಬರ ಬಳಿಗೆ ಕರೆದೊಯ್ದಳು. ತಲೆ ಸುತ್ತುವವರೇ ಬರಬೇಕಾದ ಆ ಕೊಠಡಿಯನ್ನು ಯಾವ ಪುಣ್ಯಾತ್ಮ ಕಡಿದಾದ ಮೆಟ್ಟಿಲುಗಳ ತುದಿಯಲ್ಲಿ ಕಟ್ಟಿಸಿದನೋ, ಅವನಿಗೆ ಬೇರೆಯೇ ಒಂದು ಪತ್ರ ಬರೆಯಬೇಕು. ತಮ್ಮ ಪೂರ್ವೋತ್ತರವನ್ನು ಮೊದಲು ಹೇಳಿದವರು ಆಕೆಯೇ. ಕಿವಿಯ ಒಳಮನೆಯಲ್ಲಿ ಕೂದಲೆಳೆಯಂಥ ಬಾಗಿದ ಕೊಳವೆಗಳಿವೆಯಂತೆ, ಅದರಲ್ಲಿ ನೀರಿದೆಯಂತೆ, ತಲೆ ತಿರುಗಿದಾಗ ನೀರು ಕದಲಿ ಮಿದುಳಿಗೆ ಸುದ್ದಿ ಮುಟ್ಟುತ್ತದಂತೆ. "ಜ್ವರ ಬಂದಾಗ ಎಡಗಿವಿ ನರಕ್ಕೆ ಪೆಟ್ಟು ಬಿದ್ದಿದೆ, ಯಜಮಾನ್ರೇ. ಬಲಗಡೆ ಒಂದು ಹೇಳುತ್ತೆ, ಎಡಗಡೆ ಬಾಯೇ ಬಿಡಲ್ಲ. ಮಿದುಳಿಗೆ ಗಲಿಬಿಲಿ. ಎಡಗಡೆಯವರನ್ನ ಕಾಯ್ತಾ ಕೂರೋದು ಬೇಡ, ಉಳಿದವರಿಗೆ ಕೆಲಸ ಕಲಿಸೋಣ" ಎಂದರು. ಉಳಿದವರು ಎಂದರೆ ಕಣ್ಣು, ಅಂಗಾಲು ಮತ್ತು ತಮ್ಮ ಬಲಗಡೆಯ ಸಹೋದ್ಯೋಗಿ. ಮಾನ್ಯರೇ, ಹುಟ್ಟಿದಾಗಿನಿಂದ ಚಪ್ಪಲಿಯೊಳಗೆ ಬೆವರುತ್ತ ಬಿದ್ದಿದ್ದ ನನ್ನ ಅಂಗಾಲುಗಳಿಗೆ ತಮ್ಮ ದಯದಿಂದ ಬಡ್ತಿ ಸಿಕ್ಕಿತು. ಅವುಗಳ ಪರವಾಗಿ ಕೃತಜ್ಞತೆಗಳು.

ಆಕೆ ಹೇಳಿಕೊಟ್ಟ ವ್ಯಾಯಾಮಗಳನ್ನು ಕೇಳಿದರೆ ತಮಗೂ ನಗು ಬಂದೀತು. ದಿಂಬಿನ ಮೇಲೆ ಪಾದ ಜೋಡಿಸಿ ಗೋಡೆಯ ಮೂಲೆಯಲ್ಲಿ ನಿಲ್ಲಬೇಕು, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ. ಬಿದ್ದರೆ ಹಿಡಿಯಲು ಎದುರಿಗೊಂದು ಕುರ್ಚಿ, ಪಕ್ಕದಲ್ಲಿ ಮನೆಯವರೊಬ್ಬರು. ನೀರು ಕಾಯುವಷ್ಟು ಹೊತ್ತು ಅಂಗಡಿಯ ಬೇಸಿನ್ನಿನ ಅಂಚಿಗೆ ಬೆರಳು ತಾಗಿಸಿ ಒಂಟಿಕಾಲಿನಲ್ಲಿ ನಿಲ್ಲಬೇಕು, ಕೊಳದ ಬದಿಯ ಕೊಕ್ಕರೆಯ ಹಾಗೆ, ಮೀನು ಮಾತ್ರ ಇಲ್ಲ. ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ಮುಟ್ಟಿಸುತ್ತ ಬಾಗಿಲಿನಿಂದ ಬೇಸಿನ್ ತನಕ ನಡೆಯಬೇಕು, ನಡೆಯುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಏನನ್ನೂ ಹಿಡಿಯದೆ ಹಾಗೆ ನಡೆದು ತೋರಿಸಿದರೆ ಕತ್ತಿಯ ವಿಚಾರ ಮಾತಾಡೋಣ ಎಂದು ಮಗಳ ಕರಾರು.

ಎಲ್ಲಕ್ಕಿಂತ ದೊಡ್ಡ ಅವಮಾನ ಇನ್ನೊಂದು. ಎದುರಿಗಿರುವ ಒಂದೇ ಗುರಿಯ ಮೇಲೆ ಕಣ್ಣು ನೆಟ್ಟು, ತಲೆಯನ್ನು ಮಾತ್ರ ಬೇಗಬೇಗ ಅತ್ತಿತ್ತ ಅಲ್ಲಾಡಿಸಬೇಕಂತೆ. ಜೀವಮಾನವಿಡೀ ಎಳೆಯರಿಂದ ಮುದುಕರವರೆಗೆ ಎಲ್ಲರ ನೆತ್ತಿ ಹಿಡಿದು "ತಲೆ ಅಲ್ಲಾಡಿಸ್ಬೇಡಿ, ತಲೆ ಅಲ್ಲಾಡಿಸ್ಬೇಡಿ" ಎಂದು ಹೇಳಿ ಗಂಟಲು ಸವೆಸಿಕೊಂಡವನಿಗೆ ತಲೆ ಅಲ್ಲಾಡಿಸುವ ಮದ್ದು! ಆದರೂ ಮಾಡಿದೆ. ದಿನವೂ ಅಂಗಡಿ ತೆರೆಯುವ ಮೊದಲು ಕನ್ನಡಿಯ ಮುಂದೆ ನಿಂತು, ನಿಯಮ ತಪ್ಪದೆ ಮಾಡಿದೆ. ಅಲ್ಲಾಡಿಸಿದಷ್ಟೂ ಹೊಟ್ಟೆ ತೊಳಸಿತೇ ಹೊರತು ನೆಲ ನಿಲ್ಲಲಿಲ್ಲ. ಮೊದಮೊದಲು ಹಾಗೇ ಆಗುತ್ತದೆ, ಬರಬರುತ್ತ ಸರಿಹೋಗುತ್ತದೆ ಎಂದಿದ್ದರು ಮೇಡಂ. ಬಂದದ್ದೂ ಇಲ್ಲ, ಸರಿಹೋದದ್ದೂ ಇಲ್ಲ. ತಮ್ಮ ಮೇಲೆ ನಾನು ಬೈಗುಳದ ಮಳೆ ಸುರಿಸಿದ್ದು ಆ ದಿನಗಳಲ್ಲೇ.

ಹೀಗಿರುವಾಗ ಒಂದು ಬೆಳಿಗ್ಗೆ ಆ ಮೇಡಂ ಕೂದಲು ಕತ್ತರಿಸಿಕೊಳ್ಳಲು ನಮ್ಮ ಅಂಗಡಿಗೇ ಬಂದರು, ಬಂದು ನನ್ನ ಸಾಧನೆಯನ್ನು ನೋಡುತ್ತ ಬಾಗಿಲಲ್ಲೇ ನಿಂತರು. "ಯಜಮಾನ್ರೇ, ಕಣ್ಣು ಎಲ್ಲಿ ನೆಟ್ಟಿದ್ದೀರಿ?" ಎಂದು ಕೇಳಿದರು. ಮೂಗಿನ ಮೇಲೆ ಎಂದೆ. "ಯಾರ ಮೂಗು?" ನನ್ನದೇ, ಕನ್ನಡಿಯಲ್ಲಿರುವುದು ಎಂದೆ. ಆಕೆ ನಗುತ್ತ ನಗುತ್ತ ನನ್ನ ಕುರ್ಚಿಯ ಮೇಲೆ ಕುಸಿದರು, ಕುರ್ಚಿ ಅವರನ್ನು ಒಂದು ಸುತ್ತು ತಿರುಗಿಸಿತು, ಬೆಕ್ಕು ಎದ್ದು ಹೋಯಿತು. ನಾನಾದರೂ ಏನು ಮಾಡಲಿ? ಕ್ಷೌರಿಕನಾದವನು ಮನುಷ್ಯನನ್ನು ನೇರವಾಗಿ ನೋಡುವುದೇ ಕಡಿಮೆ. ಅವನು ನೋಡುವುದು ಕನ್ನಡಿಯಲ್ಲಿರುವ ಮನುಷ್ಯನನ್ನು. ಎರಡು ಕಿವಿಯ ಪಕ್ಕದ ಕೂದಲು ಸಮವೋ ಅಲ್ಲವೋ ಎಂದು ಕನ್ನಡಿಯನ್ನೇ ಕೇಳಬೇಕು. ಎದುರಿನ ಗುರಿ ಎಂದರೆ ನನ್ನ ಕಣ್ಣು ಹೋಗುವುದು ಅಲ್ಲಿಗೇ. ಆದರೆ ತಲೆಯ ಜೊತೆಗೆ ಕನ್ನಡಿಯ ಮೂಗೂ ಅತ್ತಿತ್ತ ಓಡುತ್ತಿತ್ತು, ನಾನು ನನ್ನ ಮೂಗನ್ನು ನಾನೇ ಅಟ್ಟಿಸಿಕೊಂಡು ಹೋಗುತ್ತಿದ್ದೆ. "ಗುರಿ ಜಾಗ ಬಿಟ್ಟು ಕದಲ್ಬಾರ್ದು, ಅಲ್ಲಾಡೋದು ತಲೆ ಮಾತ್ರ" ಎಂದು ಹೇಳಿ, ಅವರು ಕನ್ನಡಿ ಇಲ್ಲದ ಗೋಡೆಗೆ ದೊಡ್ಡ ಅಕ್ಷರ ಬರೆದ ಚೀಟಿ ಅಂಟಿಸಿ ಹೋದರು. ಈ ಒಂದು ಅವಧಿಗೆ ಸಂಬಂಧಿಸಿದಂತೆ ತಮ್ಮ ತಾಯಿತಂದೆಯರ ಬಗ್ಗೆ ನಾನಾಡಿದ ಮಾತುಗಳನ್ನು ಗೌರವಪೂರ್ವಕವಾಗಿ ಹಿಂತೆಗೆದುಕೊಳ್ಳುತ್ತೇನೆ. ಉಳಿದ ಅವಧಿಯ ಮಾತುಗಳು ಹಾಗೇ ಇರಲಿ.

ಗೋಡೆಯ ಅಕ್ಷರ ಬಂದ ಮೇಲೆ ನೆಲ ಸ್ವಲ್ಪ ಸ್ವಲ್ಪವೇ ಮನುಷ್ಯರ ನೆಲದಂತೆ ವರ್ತಿಸತೊಡಗಿತು. ಆದರೂ ತಾವು ಆಗಾಗ ಹಳೆಯ ಗತ್ತು ತೋರಿಸುತ್ತಿದ್ದಿರಿ. ಆದ್ದರಿಂದ ಆ ದಿನಗಳಲ್ಲಿ ಮನಸ್ಸಿನಲ್ಲೇ ಸಲ್ಲಿಸಿದ ಬೇಡಿಕೆಗಳನ್ನು ಇಲ್ಲಿ ದಾಖಲಿಸುತ್ತೇನೆ. ಅಂಗಡಿಯನ್ನು ತೂಗುವ ಮೊದಲು ದಯವಿಟ್ಟು ಕೆಮ್ಮಬೇಕು. ತೂಗಲೇಬೇಕು ಎನಿಸಿದರೆ ರಜೆಯ ದಿನ, ನಾನು ಹಾಸಿಗೆಯಲ್ಲಿರುವಾಗ, ನಿದ್ದೆ ಬರುವ ಹದಕ್ಕೆ ತೂಗಬೇಕು. ನೆಲವನ್ನು ಮಾತ್ರ ಅಲ್ಲಾಡಿಸಿ ಗೋಡೆಗಳನ್ನು ಬಿಟ್ಟುಬಿಡಬೇಕು, ಇಲ್ಲವೇ ಗೋಡೆಗಳನ್ನು ಅಲ್ಲಾಡಿಸಿ ನನ್ನನ್ನು ಬಿಟ್ಟುಬಿಡಬೇಕು. ಇದೊಂದೂ ಆಗದಿದ್ದರೆ ಪಕ್ಕದ ಗಡಿಯಾರದ ಅಂಗಡಿಗೆ ವರ್ಗ ಮಾಡಿಸಿಕೊಳ್ಳಬೇಕು. ಅಲ್ಲಿ ಲೋಲಕಗಳಿವೆ, ಅತ್ತಿತ್ತ ತೂಗುವುದೇ ಅಲ್ಲಿಯ ಕಸುಬು, ತಮ್ಮಂಥವರಿಗೆ ಒಳ್ಳೆಯ ಭವಿಷ್ಯವಿದೆ.

ಈಗ ಕಂಡಕ್ಟರನ ವಿಷಯಕ್ಕೆ ಬರುತ್ತೇನೆ. ಅವನ ಗಡ್ಡ ಬೆಳೆಯುತ್ತ ಹೋಯಿತು. ಮೊದಲು ಒಂದೇ ಕಡೆ, ಆಮೇಲೆ ಎರಡೂ ಕಡೆ, ಆದರೆ ಎಡಗಡೆಯದು ಯಾವಾಗಲೂ ಒಂದು ಹೆಜ್ಜೆ ಮುಂದೆ. ಊರಿನವರು ಕೇಳಿದರೆ "ನನ್ನ ಗೆಳೆಯ ಕತ್ತಿ ಹಿಡಿಯೋತನಕ" ಎನ್ನುತ್ತಿದ್ದ. ಅವನ ಹೆಂಡತಿ, ಮೊಮ್ಮಗಳ ಮದುವೆಯ ಫೋಟೋದಲ್ಲಿ ಕರಡಿಯ ಪಕ್ಕ ನಿಲ್ಲಲಾರೆ ಎಂದು ನನಗೇ ಹೇಳಿ ಕಳಿಸಿದ್ದಳು. ಅವನು ಮಾತ್ರ ದಿನವೂ ಬೆಂಚಿನ ಮೇಲೆ ಕೂತು ನನ್ನ ವ್ಯಾಯಾಮಕ್ಕೆ ವಿವರಣೆ ಕೊಡುತ್ತಿದ್ದ. "ಕಂಬ ಹಿಡೀದೆ, ತಿರುವಲ್ಲಿ, ತುಂಬಿದ ಬಸ್ಸಲ್ಲಿ ಟಿಕೆಟ್ ಹರಿದೋನು ನಾನು. ನೀನು ನಿಂತಿರೋ ಅಂಗಡೀಲಿ ಬೀಳ್ತೀಯಲ್ಲೋ, ನಾಚಿಕೆ ಆಗಲ್ವಾ?" ಎನ್ನುತ್ತಿದ್ದ. ಹಾಗಾದರೆ ದಿಂಬು ಹತ್ತು ನೋಡೋಣ ಎಂದು ಒಂದು ದಿನ ಸವಾಲು ಹಾಕಿದೆ. ಹತ್ತಿದ. ಕಾಲು ಅಗಲಿಸಿ, ಮೊಣಕಾಲು ಸಡಿಲಿಸಿ, ನಿಜಕ್ಕೂ ಕಂಬದಂತೆ ನಿಂತ. ನನ್ನ ಹೊಟ್ಟೆ ಉರಿಯಿತು. ನಾನೂ ಬೇಸಿನ್ ಬಿಟ್ಟು ಅವನ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಂತೆ.

ಅಷ್ಟರಲ್ಲಿ ಸೂರಿನ ದೀಪ ಪಟಪಟ ಮಿಟುಕಿತು. ಮಗಳು ಕೆಲಸದ ಮಧ್ಯೆ "ಮಾಮಾ, ಆ ಬಲ್ಬು ಸಡಿಲ ಆಗಿದೆಯಾ, ಸ್ವಲ್ಪ ನೋಡಿ" ಎಂದಳು. ಕಂಡಕ್ಟರ್ ತಲೆ ಎತ್ತಿದ. ಎತ್ತಿದವನು ಹಾಗೆಯೇ, ಕಡಿದ ಮರದಂತೆ, ನನ್ನ ಕಡೆಗೆ ವಾಲಿದ. ನನಗೆ ಇದ್ದದ್ದು ಒಂದೇ ಕಾಲು. ಇಬ್ಬರೂ ಬೆಂಚಿನ ಮೇಲೆ ಮಡಚಿಟ್ಟ ಟವೆಲ್ ರಾಶಿಯೊಳಗೆ ಹೋಗಿ ಬಿದ್ದೆವು. ಪೆಟ್ಟಾಗಲಿಲ್ಲ, ನನ್ನ ಹೊಸ ಹುದ್ದೆಯಿಂದ ಆದ ಉಪಕಾರ ಅದೊಂದೇ. ನಾನು ನಗುತ್ತಿದ್ದೆ. ಅವನು ನಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ತೋಳು ಹಿಡಿದಿದ್ದ. ಬೇರೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ. "ತಲೆ ಹಿಂದಕ್ಕೆ ವಾಲಿದ್ರೆ ಸಾಕು, ಇಡೀ ಊರೇ ತಿರುಗುತ್ತೆ ಕಣೋ. ಆವತ್ತು ನೀನು ಕುರ್ಚಿ ವಾಲಿಸಿದಾಗಲೂ ಆಗಿತ್ತು. ಸತ್ತೇ ಹೋದೆ ಅನ್ಕೊಂಡೆ."

ನಾನು ಅವನನ್ನೇ ನೋಡಿದೆ, ಕನ್ನಡಿಯಲ್ಲಲ್ಲ, ನೇರವಾಗಿ. ಮಲಗಿದರೆ ಸುತ್ತುತ್ತದೆಂದು ಅವನು ಒರಗುಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದನಂತೆ. ಗದ್ದ ಎತ್ತಲಾರದೆ ಮನೆಯಲ್ಲೂ ಗಡ್ಡ ಬೋಳಿಸಿಕೊಳ್ಳುತ್ತಿರಲಿಲ್ಲವಂತೆ. ಹೆಂಡತಿಗೆ ತಿಳಿದರೆ ಮನೆಯಿಂದ ಹೊರಗೆ ಬಿಡುವುದಿಲ್ಲ ಎಂದು ಬಾಯಿ ಬಿಟ್ಟಿರಲಿಲ್ಲವಂತೆ. ಮಾನ್ಯರೇ, ಒಂದೇ ಕುರ್ಚಿಯ ಬಳಿ, ಒಂದೇ ಗಳಿಗೆಯಲ್ಲಿ, ಇಬ್ಬರು ಮುದುಕರಿಗೂ ಭೂಮಿ ತಿರುಗಿದೆ, ನನ್ನದು ಊರಿಗೆಲ್ಲ ಗೊತ್ತಾಗಿದೆ, ತನ್ನದನ್ನು ಅವನು ಗುಟ್ಟು ಎಂದು ಬಚ್ಚಿಟ್ಟುಕೊಂಡಿದ್ದಾನೆ. ನನ್ನ ಸ್ನೇಹಕ್ಕಾಗಿ ಬೆಳೆದದ್ದು ಎಂದು ನಾನು ಎದೆಯುಬ್ಬಿಸಿಕೊಂಡು ಊರಿಗೆಲ್ಲ ತೋರಿಸಿದ ಆ ಗಡ್ಡ, ಅವನ ಕಿವಿಯಲ್ಲಿರುವ ತಮ್ಮ ಶಾಖಾ ಕಚೇರಿಯ ಕೃಪೆಯಿಂದ ಬೆಳೆದದ್ದು!

ಮಗಳಿಗೆ ಎಲ್ಲ ಕೇಳಿಸಿತ್ತು. ಕಿವಿಗಳು ನಮಗೆ ಮಾತ್ರ ಕೈಕೊಟ್ಟಿವೆ, ಅವಳದು ಚುರುಕು. "ಮಾಮಾ, ನಾಳೆ ಮೆಟ್ಟಿಲು ಹತ್ತಿ ಮೇಡಂ ಹತ್ರ ಹೋಗೋದು, ನಾನೂ ಬರ್ತೀನಿ. ಅತ್ತೆಗೂ ನೀವೇ ಹೇಳ್ಬೇಕು" ಎಂದಳು. ಆಮೇಲೆ ಆ ಗಡ್ಡವನ್ನು ನೋಡಿದಳು. ಫೋಟೋದ ದಿನ ಹತ್ತಿರವಿತ್ತು. ಅವಳು ಕೆಲಸ ಕಲಿತದ್ದು ವಾಲುವ ಕುರ್ಚಿಗಳ ಮೇಲೆ. ನೆಟ್ಟಗೆ ಕೂತವನ ಗಂಟಲಿನ ಕೆಳಗೆ, ತಾನೇ ಬಗ್ಗಿ, ತಾನೇ ಸುತ್ತಿ ಕತ್ತಿ ಆಡಿಸುವುದು, ಬೆನ್ನಿಲ್ಲದ ಮರದ ಸ್ಟೂಲಿನ ಕಾಲದಲ್ಲಿ ಕಸುಬು ಹಿಡಿದ ನನಗೆ ಮಾತ್ರ ಗೊತ್ತಿತ್ತು. ಅವಳು ನನ್ನ ಕಡೆಗೆ ತಿರುಗಿದಳು. "ಬಾಗಿಲಿಂದ ಬೇಸಿನ್ ತನಕ ನಡಿ ಅಪ್ಪಾ. ತಲೆ ತಿರುಗಿಸ್ತಾ" ಎಂದಳು.

ನಡೆದೆ. ಹಿಮ್ಮಡಿಗೆ ಹೆಬ್ಬೆರಳು, ಎಡಕ್ಕೆ ಬ್ರೆಡ್ಡಿನಂಗಡಿಯ ಗೋಡೆ, ಬಲಕ್ಕೆ ಕನ್ನಡಿಯಲ್ಲಿ ನನ್ನಂತೆಯೇ ನಡೆಯುವ ಮುದುಕರ ಸಾಲು. ಬೇಸಿನ್ ಮುಟ್ಟಿದಾಗ ಅಷ್ಟೂ ಮುದುಕರೂ ಮುಟ್ಟಿದರು. ಮಗಳು ಜೇಬಿನಿಂದ ಕತ್ತಿ ತೆಗೆದು, ಹಿಡಿಯ ಕಡೆಯಿಂದ ನನಗೆ ಕೊಟ್ಟು, ಒಂದು ಕೈಯನ್ನು ನನ್ನ ಬೆನ್ನಿಗೆ ತಾಗಿಯೂ ತಾಗದ ಹಾಗೆ ಹಿಡಿದು ನಿಂತಳು.

ಕಂಡಕ್ಟರನನ್ನು ನೆಟ್ಟಗೆ ಕೂರಿಸಿದೆ. ಅವನ ಗದ್ದದ ಮೇಲೆ ಒಂದು ಮಚ್ಚೆ ಇದೆ, ಗಡ್ಡದ ಕಾಡು ಕಡಿಯುತ್ತ ಹೋದಂತೆ ಅದು ಹೊರಬಂತು. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ನನ್ನ ಕಣ್ಣನ್ನು ಆ ಮಚ್ಚೆಗೆ ನೆಟ್ಟೆ. ತಲೆಯನ್ನು ಎಡಕ್ಕೆ ಒಯ್ದೆ, ಬಲಕ್ಕೆ ಒಯ್ದೆ, ಗಂಟಲಿನ ಕೆಳಗೆ ಇಳಿಸಿದೆ. ಮಚ್ಚೆ ಜಾಗ ಬಿಟ್ಟು ಕದಲಲಿಲ್ಲ. ಕದಲಿದರೆ ತನಗೂ ಲೋಕ ತಿರುಗುತ್ತದೆ ಎಂಬ ಹೆದರಿಕೆಗೆ ಆ ಮನುಷ್ಯ ಉಸಿರನ್ನೂ ಅಳೆದು ಬಿಡುತ್ತಿದ್ದ. ಇಷ್ಟು ವರ್ಷಗಳ ಕಸುಬಿನಲ್ಲಿ ಹೇಳದೆಯೇ ತಲೆ ಅಲ್ಲಾಡಿಸದ ಗಿರಾಕಿ ನನಗೆ ಸಿಕ್ಕಿದ್ದು ಆ ದಿನವೇ.

ತಾವು ಆಗ ಸುಮ್ಮನಿರಬಹುದಿತ್ತು. ಇರಲಿಲ್ಲ. ಎಡದವಡೆಯ ಕೆಳಗೆ ಬಗ್ಗಿದಾಗ ಅಂಗಡಿಯನ್ನು ಒಮ್ಮೆ ಜಗ್ಗಿದಿರಿ. ಕತ್ತಿ ಮೇಲಕ್ಕೆ ಹೋಯಿತು. ಎಡಗೈ ಯಾರ ಕಿವಿಗೂ ಹೋಗಲಿಲ್ಲ, ಮಗಳ ಕೈಗೂ ಹೋಗಲಿಲ್ಲ. ಬಡ್ತಿ ಪಡೆದ ಎರಡು ಅಂಗಾಲುಗಳು ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡವು, ಕಣ್ಣು ಮಚ್ಚೆಯನ್ನು ಹಿಡಿದುಕೊಂಡಿತು, ಅಂಗಡಿ ಒಂದು ಸಲ ಆಚೆ ಹೋಗಿ, ತನ್ನ ಜಾಗಕ್ಕೆ ತಾನೇ ವಾಪಸು ಬಂತು. ಕಂಡಕ್ಟರ್ ಕಣ್ಣು ತೆರೆಯದೆ "ನಿಂತ್ಯೇನೋ?" ಎಂದು ಕೇಳಿದ. ನಿಂತೆ ಎಂದೆ. "ಹಾಗಾದ್ರೆ ಹೊರಡು. ರೈಟ್, ರೈಟ್!" ಎಂದ.

ಹೊರಟೆ. ಮುಗಿಸಿದೆ. ಒಂದು ಗೀರಿಲ್ಲ. ಕತ್ತಿ ಮಗಳ ಜೇಬಿಗೆ ಹಿಂತಿರುಗಲಿಲ್ಲ, ನನ್ನ ಜೇಬಿಗೂ ಬರಲಿಲ್ಲ. ಈಗ ಅದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಇಬ್ಬರ ಕೈಗೂ ಸಮನಾಗಿ ಎಟಕುವ ಜಾಗದಲ್ಲಿದೆ. ನೆಟ್ಟಗೆ ಕೂರುವವರೆಲ್ಲ ನನ್ನ ಗಿರಾಕಿಗಳು, ವಾಲುವವರು ಅವಳ ಗಿರಾಕಿಗಳು. ನಾನು ಹಡಗಿನ ನಾವಿಕನಂತೆ ಕಾಲು ಅಗಲಿಸಿ ನಿಲ್ಲುವುದು ಏಕೆಂದು ಕೇಳುವವರಿಗೆ ದಿನವೂ ಹೇಳಿ ಸಾಕಾಗಿ ಈ ಪತ್ರವನ್ನು ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಆದ್ದರಿಂದ, ಮಾನ್ಯರೇ, ಮೇಲಿನ ಬೇಡಿಕೆಗಳಲ್ಲಿ ಯಾವುದನ್ನೂ ತಾವು ಈಡೇರಿಸಬೇಕಾಗಿಲ್ಲ. ತಮ್ಮ ಕೆಲಸವನ್ನೆಲ್ಲ ಇತರರಿಗೆ ಹಂಚಿಯಾಗಿದೆ. ಮನೆ ಖಾಲಿ ಮಾಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ತಾವು ಹೋಗಲು ಜಾಗವಿಲ್ಲ. ಇದ್ದುಕೊಳ್ಳಿ. ನಾನು ದಿನವೂ ಬೆಳಿಗ್ಗೆ ಗೋಡೆಯ ಅಕ್ಷರದ ಮುಂದೆ ತಲೆ ಅಲ್ಲಾಡಿಸುತ್ತಿರುತ್ತೇನೆ. ಅದನ್ನು ಒಪ್ಪಿಗೆ ಎಂದು ಮಾತ್ರ ತಿಳಿಯಬೇಡಿ.

ಸದ್ಯಕ್ಕೆ ಯಾವುದನ್ನೂ ಹಿಡಿಯದೆ ನಿಲ್ಲಬಲ್ಲ,
ತಮ್ಮ ವಿಶ್ವಾಸಿ,
ಎರಡನೆಯ ಕುರ್ಚಿಯ ಕ್ಷೌರಿಕ

ಮರೆತಿದ್ದ ಮಾತು: ಕಂಡಕ್ಟರನ ಕಿವಿಯಲ್ಲಿ ಜಾಗ ಬಿಟ್ಟು ಅಲೆಯುತ್ತಿದ್ದ ಸಣ್ಣ ಹರಳುಗಳನ್ನು ಮೇಡಂ ಅವನನ್ನು ಮಲಗಿಸಿ, ತಲೆಯನ್ನು ಹಾಗೊಮ್ಮೆ ಹೀಗೊಮ್ಮೆ ಹೊರಳಿಸಿ ಸ್ವಸ್ಥಾನಕ್ಕೆ ಕಳಿಸಿದರು. ಅವನ ಕಿವಿಯವರು ಒಂದೇ ಭೇಟಿಗೆ ಸರಿಹೋದರು. ಇದನ್ನು ಅವನು ಊರಿಗೆಲ್ಲ ಸಾರುತ್ತಿರುವಾಗ ತಮ್ಮ ದೆಸೆಯಿಂದ ನಾನು ತಲೆ ತಗ್ಗಿಸಬೇಕಾಗಿದೆ, ಅದನ್ನೂ ನಿಧಾನವಾಗಿ. ಇನ್ನೊಂದು ಮಾತು. ತಮ್ಮ ಹೊರಬಾಗಿಲಿನಲ್ಲಿ ಈಚೆಗೆ ಕೂದಲಿನ ಪೊದೆ ಬೆಳೆದಿದೆ. ಅದನ್ನು ಈ ವಾರ ನಾನೇ, ಕನ್ನಡಿ ನೋಡಿಕೊಂಡು, ಚೂಪು ಕತ್ತರಿಯಿಂದ ಸವರಲಿದ್ದೇನೆ. ಆ ಹೊತ್ತಿಗೆ ಅಂಗಡಿಯನ್ನು ತೂಗಬೇಕು ಎಂದು ತಮಗೆ ಅನಿಸಿದರೆ, ಕತ್ತರಿಯ ತುದಿ ಯಾರ ಮನೆಯ ಕಡೆಗಿದೆ ಎಂದು ಒಮ್ಮೆ ನೋಡಿಕೊಂಡು ತೂಗಬೇಕಾಗಿ ವಿನಂತಿ.